ಅವನ ಮಾತು ಮುಗಿಯುವವರೆಗೆ ಕಾಯಲಿ

ಹೆಸರು ಬೇಡವೆಂದ ಓದುಗರೊಬ್ಬರ ಪತ್ರ: "ಮಗನಿಗೆ ಹನ್ನೆರಡು ವರ್ಷ, ಚಿಕ್ಕಂದಿನಿಂದ ಉಗ್ಗು. ಶಾಲೆಯಲ್ಲಿ ನಮ್ಮ ಜನಾಂಗದವನು ಅವನೊಬ್ಬನೇ. ಬಣ್ಣ ಹಿಡಿದು ಹೀಯಾಳಿಸುತ್ತಾರೆ, ಹೆಸರನ್ನು ಉಗ್ಗಿ ಉಗ್ಗಿ ಕರೆಯುತ್ತಾರೆ. ಇವನು ಕೈಮಾಡುತ್ತಾನೆ. ಈಗ ಪುಂಡನೆಂಬ ಹೆಸರು ಬಂದಿದೆ. ಉಗ್ಗು ನಮ್ಮ ತಪ್ಪಿನಿಂದ ಬಂತೆ? ಇವನ ಕೋಪ ಇಳಿಸುವುದು ಹೇಗೆ?"

ಸಂಪಾದಕರ ಉತ್ತರ:

ಅಮ್ಮಾ, ಉಗ್ಗು ನಿಮ್ಮಿಂದ ಬಂದದ್ದಲ್ಲ. ಒಂದು ಕಾಲಕ್ಕೆ ತಜ್ಞರೇ ತಂದೆತಾಯಿಯರನ್ನು ದೂರುತ್ತಿದ್ದರು. ಆ ಮಾತು ಈಗ ನಿಲ್ಲುವುದಿಲ್ಲ. ಹೆಚ್ಚಾಗಿ 2ರಿಂದ 5 ವರ್ಷದೊಳಗೆ ಶುರುವಾಗುವ ಇದರ ಬೇರು ವಂಶವಾಹಿಯಲ್ಲಿದೆ, ಮಿದುಳು ಮಾತನ್ನು ಹೊಂದಿಸುವ ರೀತಿಯಲ್ಲಿದೆ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಬಹಳಷ್ಟು ಮಕ್ಕಳಲ್ಲಿ ತಾನಾಗಿ ಹೋಗುತ್ತದೆ. ಹನ್ನೆರಡರವರೆಗೆ ಉಳಿದದ್ದು ಮುಂದೆಯೂ ಉಳಿಯಬಹುದು. ದೊಡ್ಡವರಲ್ಲೂ ನೂರಕ್ಕೆ ಸುಮಾರು ಒಬ್ಬರಿಗೆ ಇದೆ.

ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಸರಿನ ವಿಷಯ. ಉಗ್ಗುವವರು ಕಷ್ಟದ ಪದ ಎದುರಾದಾಗ ಸಟ್ಟನೆ ಬೇರೆ ಪದ ಹುಡುಕಿಕೊಳ್ಳುತ್ತಾರೆ. ಹೆಸರಿಗೆ ಬದಲಿ ಪದವಿಲ್ಲ. ಅದಕ್ಕೇ ಅನೇಕರಿಗೆ ಸ್ವಂತ ಹೆಸರು ಹೇಳುವುದೇ ಅತಿ ಕಷ್ಟ. ನಿಮ್ಮ ಮಗನ ಹೆಸರು ಉಳಿದ ಮಕ್ಕಳ ಕಿವಿಗೆ ಹೊಸದು ಬೇರೆ. ಅವನನ್ನು ನೋಯಿಸಲು ಜನಾಂಗ ಒಂದು, ಉಗ್ಗು ಒಂದು ಎಂದು ಬೇರೆ ಬೇರೆ ಬೈಗುಳ ಬೇಕಿಲ್ಲ. ಹೆಸರು ಕರೆದರೆ ಎರಡೂ ಆಯಿತು.

ಹೊಡೆದಾಟದ ಮೇಲೆ ವಿಚಾರಣೆಯಾಗುತ್ತದಲ್ಲ, ಆ ಕೋಣೆಯನ್ನು ನೆನೆಸಿಕೊಳ್ಳಿ. ಇನ್ನೊಬ್ಬ ಹುಡುಗ ಗಳಗಳನೆ ಎಲ್ಲ ಹೇಳಿ ಮುಗಿಸುತ್ತಾನೆ. ನಿಮ್ಮವನು ಬಾಯಿ ತೆರೆಯುತ್ತಾನೆ, ತುಟಿ ಬಿಗಿಯುತ್ತದೆ, ರೆಪ್ಪೆ ಪಟಪಟ ಬಡಿಯುತ್ತದೆ, ಮೊದಲ ಅಕ್ಷರ ಹೊರಡುವುದಿಲ್ಲ. ಕೇಳುವವರಿಗೆ ಅದು ತಡವರಿಕೆ, ಅಂದರೆ ತಪ್ಪೊಪ್ಪಿಗೆ. ಹೊಡೆತದ ಗುರುತು ಕಾಣುತ್ತದೆ, ಬೈಗುಳದ ಗುರುತು ಕಾಣುವುದಿಲ್ಲ. ಬೇಗ ಮಾತಾಡಿದವನ ಕಥೆಯೇ ದಾಖಲಾಗುತ್ತದೆ. ಹೀಗೆ ನಾಲ್ಕು ಸಲವಾದರೆ ಯಾವ ಹುಡುಗನಿಗೂ ಬಾಯಿಗಿಂತ ಕೈಯೇ ವಾಸಿ ಅನ್ನಿಸುತ್ತದೆ. ಹೊಡೆಯುವುದು ತಪ್ಪೆಂದು ಅವನಿಗೆ ಹೇಳಲೇಬೇಕು, ಆದರೆ ಅವನ ದೂರು ಪೂರ್ತಿ ಕೇಳಿದ ಮೇಲೆ.

ಆದ್ದರಿಂದ ಕೋಪ ಇಳಿಸುವ ಉಪಾಯಕ್ಕಿಂತ ಮೊದಲು ಶಾಲೆಗೆ ಹೋಗಿ. ಅವನ ಹೇಳಿಕೆಗೆ ಬೇಕಾದಷ್ಟು ಸಮಯ ಕೊಡಬೇಕು, ಮಧ್ಯೆ ಯಾರೂ ಅವನ ವಾಕ್ಯ ಮುಗಿಸಿಕೊಡಬಾರದು, ಬರೆದು ಕೊಡುತ್ತೇನೆಂದರೆ ಒಪ್ಪಬೇಕು ಎಂದು ಕೇಳಿ. ಜನಾಂಗೀಯ ನಿಂದನೆಯನ್ನು "ಮಕ್ಕಳಾಟ" ಎಂದು ಹೊಡೆದಾಟದ ಅಡಿ ಮುಚ್ಚಿಹಾಕಲು ಬಿಡಬೇಡಿ. ಅದು ಬೇರೆಯೇ ಅಪರಾಧ, ಬೇರೆಯಾಗಿಯೇ ದಾಖಲಾಗಲಿ. ನೀವೂ ದೂರನ್ನು ಲಿಖಿತವಾಗಿ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ.

ಅಮೆರಿಕದ ಕಪ್ಪು ನಟ ಜೇಮ್ಸ್ ಅರ್ಲ್ ಜೋನ್ಸ್ (1931–2024) ಗಂಭೀರ ಧ್ವನಿಗೇ ಜಗತ್ಪ್ರಸಿದ್ಧರಾದವರು. ಬಾಲ್ಯದಲ್ಲಿ ಉಗ್ಗಿಗೆ ಹೆದರಿ ವರ್ಷಗಟ್ಟಲೆ ಶಾಲೆಯಲ್ಲಿ ಮಾತೇ ಆಡಲಿಲ್ಲ. ಹುಡುಗ ಗುಟ್ಟಾಗಿ ಕವಿತೆ ಬರೆಯುತ್ತಾನೆಂದು ತಿಳಿದ ಮೇಷ್ಟ್ರು ಅದನ್ನು ತರಗತಿಯಲ್ಲಿ ಬಾಯಿಪಾಠ ಹೇಳಿಸಿದರು, ಮಾತು ತಡೆಯಿಲ್ಲದೆ ಬಂತು. ನೀನೂ ಅವರಂತಾಗು ಎಂದು ಮಗನಿಗೆ ಈ ಕಥೆ ಹೇಳಬೇಡಿ, ಅದೊಂದು ಹೊಸ ಹೊರೆ. ಮೇಷ್ಟ್ರಿಗೆ ಹೇಳಿ. ಹಾಡುವಾಗ, ಇತರರ ಜೊತೆ ದನಿಗೂಡಿಸಿ ಓದುವಾಗ ಉಗ್ಗು ಬಹುಮಟ್ಟಿಗೆ ಸಡಿಲವಾಗುತ್ತದೆ. ತರಗತಿಯಲ್ಲಿ ಅಂಥ ಅವಕಾಶ ಮಾಡಿಕೊಡುವುದು ಕಷ್ಟವಲ್ಲ. ಹುಡುಗ ಒಪ್ಪಿದರೆ ಮಾತ್ರ.

ಸ್ಪೀಚ್ ಥೆರಪಿಸ್ಟ್ ಬಳಿಗೂ ಕರೆದೊಯ್ಯಿರಿ. ಉಗ್ಗನ್ನು ಅಳಿಸಿಹಾಕುತ್ತೇವೆಂದು ಮಾತುಕೊಡುವವರಿಂದ ದೂರವಿರಿ. ಬಿಗಿತ ಸಡಿಲಿಸಿ, ಉಗ್ಗುತ್ತಲೇ ಹೇಳಬೇಕಾದ್ದನ್ನು ಹೇಳಿ ಮುಗಿಸುವ ಧೈರ್ಯ ಕಲಿಸುವವರನ್ನು ಹುಡುಕಿ. ಆದರೆ ಒಂದು ಮಾತು ಅವನಿಗೆ ಸ್ಪಷ್ಟವಾಗಲಿ: ಚಿಕಿತ್ಸೆ ಮಾತಿಗಷ್ಟೇ. ಬಣ್ಣಕ್ಕಾಗಿ ಬೈಸಿಕೊಳ್ಳುವುದು ಅವನಲ್ಲಿ ಸರಿಪಡಿಸಬೇಕಾದ ಕುಂದಲ್ಲ, ಅದನ್ನು ಸರಿಪಡಿಸುವ ಕೆಲಸ ಶಾಲೆಯದು.