ಹೆಚ್ಚು ಕೊಟ್ಟವರಿಗೇ ದಂಡವೇಕೆ?

ಪ್ರಶ್ನೆ: ಸಾಮೂಹಿಕ ನಿಧಿಯ ಪ್ರಯೋಗಗಳಲ್ಲಿ ಏನೂ ಕೊಡದವರನ್ನು ದಂಡಿಸುವುದು ಅರ್ಥವಾಗುತ್ತದೆ. ಆದರೆ ಕೆಲವು ದೇಶಗಳಲ್ಲಿ ಧಾರಾಳವಾಗಿ ಕೊಟ್ಟವರನ್ನೇ ದಂಡಿಸುತ್ತಾರೆಂದು ಓದಿದೆ. ಇದು ಬರಿಯ ಹೊಟ್ಟೆಕಿಚ್ಚೇ ಅಥವಾ ಆಯಾ ಸಂಸ್ಕೃತಿಯ ಗುಣವೇ?

ಉತ್ತರ: ನೀವು ಓದಿರುವುದು ಬಹುಶಃ ಹೆರ್ಮನ್, ಥೋನಿ ಮತ್ತು ಗೆಕ್ಟರ್ ಅವರು 16 ನಗರಗಳ ವಿದ್ಯಾರ್ಥಿಗಳೊಂದಿಗೆ ನಡೆಸಿ, 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ. ಅದರಲ್ಲಿ ನಾಲ್ವರ ಗುಂಪಿನ ಪ್ರತಿಯೊಬ್ಬರಿಗೂ 20 ಟೋಕನ್ ಕೊಡುತ್ತಾರೆ; ಬೇಕಾದಷ್ಟನ್ನು ಸಾಮೂಹಿಕ ನಿಧಿಗೆ ಹಾಕಿ ಉಳಿದದ್ದನ್ನು ತಾವೇ ಇಟ್ಟುಕೊಳ್ಳಬಹುದು. ನಿಧಿಗೆ ಬಿದ್ದ ಪ್ರತಿ ಟೋಕನ್‌ಗೆ, ಹಾಕಿದವರು ಯಾರೇ ಆಗಲಿ, ನಾಲ್ವರಿಗೂ ತಲಾ 0.4 ಸಿಗುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ತಲಾ 32 ಆಗುತ್ತದೆ. ಮೂವರು ಹಾಕಿ ಒಬ್ಬ ಕೈ ಬಿಗಿಹಿಡಿದರೆ ಅವನಿಗೆ 44, ಉಳಿದವರಿಗೆ 24 ಮಾತ್ರ. ಆಟದ ಇನ್ನೊಂದು ಬಗೆಯಲ್ಲಿ, ಪ್ರತಿ ಸುತ್ತಿನ ಕೊನೆಗೆ ತನ್ನ ಒಂದು ಟೋಕನ್ ಖರ್ಚು ಮಾಡಿ ಇನ್ನೊಬ್ಬರ ಮೂರು ಟೋಕನ್ ಕಳೆಯಬಹುದು, ಆದರೆ ದಂಡ ಹಾಕಿದವರು ಯಾರೆಂಬುದು ತಿಳಿಯುವುದಿಲ್ಲ.

ಕೊಡದವರನ್ನು ದಂಡಿಸುವುದರಲ್ಲಿ ನಗರಗಳ ನಡುವೆ ಅಷ್ಟಾಗಿ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ತನ್ನಷ್ಟೇ ಅಥವಾ ತನಗಿಂತ ಹೆಚ್ಚು ಕೊಟ್ಟವರನ್ನು ದಂಡಿಸುವುದರಲ್ಲಿ: ಬೋಸ್ಟನ್, ನಾಟಿಂಗ್‌ಹ್ಯಾಮ್‌ಗಳಲ್ಲಿ ಅದು ಅತ್ಯಲ್ಪ, ಮಸ್ಕತ್, ಅಥೆನ್ಸ್, ರಿಯಾದ್‌ಗಳಲ್ಲಿ ಗಣನೀಯ. ಪರಿಣಾಮವೂ ಸಣ್ಣದಲ್ಲ. ದಂಡದ ಅವಕಾಶವಿದ್ದಾಗ ಬೋಸ್ಟನ್ನಿನವರು 20ರಲ್ಲಿ ಸರಾಸರಿ 18ರಷ್ಟು ಕೊಟ್ಟರೆ, ಅಥೆನ್ಸಿನವರು ಆರನ್ನೂ ಮುಟ್ಟಲಿಲ್ಲ.

ಹೊಟ್ಟೆಕಿಚ್ಚು ಎಂದು ಕೈತೊಳೆದುಕೊಳ್ಳುವ ಮುನ್ನ ಸೇಡನ್ನು ಗಮನಿಸಬೇಕು. ಹಿಂದಿನ ಸುತ್ತಿನಲ್ಲಿ ಪೆಟ್ಟು ತಿಂದವರು, ತಮ್ಮನ್ನು ದಂಡಿಸಿದ್ದು ಹೆಚ್ಚು ಕೊಟ್ಟವರೇ ಇರಬೇಕೆಂದು ಊಹಿಸಿ ತಿರುಗಿ ಹೊಡೆಯುವುದು ಅನೇಕ ಕಡೆ ಕಂಡುಬಂದಿದೆ. ಆದರೂ ಸೇಡಿನಿಂದಲೇ ಎಲ್ಲವೂ ತಿಳಿಯಾಗುವುದಿಲ್ಲ, ಏಕೆಂದರೆ ರಷ್ಯಾದಲ್ಲಿ ಸೇಡಿಗೆ ಎಡೆಯೇ ಇಲ್ಲದ ಒಂದೇ ಸುತ್ತಿನ ಆಟದಲ್ಲೂ ಇಂಥ ದಂಡನೆ ಕಾಣಿಸಿಕೊಂಡಿತು. ಅದು ಮೂಗು ಕೊಯ್ದುಕೊಂಡು ಅಪಶಕುನ ಮಾಡುವ ಜಾತಿಯದೇ.

ಸಂಸ್ಕೃತಿಯ ಮಾತಿಗೆ ಬಂದರೆ, ತೆರಿಗೆ ತಪ್ಪಿಸುವುದು, ಟಿಕೆಟ್ ಇಲ್ಲದೆ ಪ್ರಯಾಣಿಸುವುದು ಮುಂತಾದವನ್ನು ಜನ ಹಗುರವಾಗಿ ಕಾಣುವ, ಕಾನೂನಿನ ಆಳ್ವಿಕೆ ದುರ್ಬಲವಾಗಿರುವ ಸಮಾಜಗಳಲ್ಲಿ ಈ ದಂಡನೆ ಹೆಚ್ಚೆಂದು ಲೇಖಕರು ಕಂಡುಕೊಂಡರು. ನನ್ನ ಅಭಿಪ್ರಾಯದಲ್ಲಿ ಇದು ಜನರ ಹುಟ್ಟುಗುಣಕ್ಕಿಂತ ಸಂಸ್ಥೆಗಳ ಬಗೆಗಿನ ಅನುಭವವನ್ನು ಹೇಳುತ್ತದೆ. ಅದೂ ಒಂದು ನಗರದ ವಿದ್ಯಾರ್ಥಿಗಳನ್ನು ಇಡೀ ದೇಶದ ಪ್ರತಿನಿಧಿಗಳೆಂದು ಎಣಿಸುವಂತಿಲ್ಲ.

ಭಾರತದ ಹೆಸರು ಆ 16ರಲ್ಲಿ ಇರಲಿಲ್ಲ. ಆದರೆ ಅದೇ ವರ್ಷ ಫೆಹ್ರ್, ಹಾಫ್ ಮತ್ತು ಕ್ಷೇತ್ರಮಾಡೆ ಉತ್ತರ ಪ್ರದೇಶದಲ್ಲಿ ನಡೆಸಿದ ಬೇರೆ ಬಗೆಯ ಪ್ರಯೋಗಗಳನ್ನು ಪ್ರಕಟಿಸಿದರು. ಅಲ್ಲಿ ಎದುರಿನವರ ಗಳಿಕೆಯನ್ನು ಕುಗ್ಗಿಸುವ ಮನಸ್ಸು ಕೆಳಜಾತಿಯವರಿಗಿಂತ ಮೇಲ್ಜಾತಿಯವರಲ್ಲೇ ಬಲವಾಗಿತ್ತು, ಮತ್ತು ಅದರ ಮೂಲ ಬಡತನವಲ್ಲ, ಸ್ಥಾನಮಾನದ ಹಂಬಲ ಇರಬಹುದೆಂದು ಅವರು ಸೂಚಿಸಿದರು.