ತಂದೆಯವರ ಸಕ್ಕರೆ ಕಾಯಿಲೆಯನ್ನು ವಿಮೆಯ ಫಾರಂನಲ್ಲಿ ಮುಚ್ಚಿಡಬಹುದೇ? ಮೊದಲ ದಿನದಿಂದಲೇ ರಕ್ಷಣೆ ಕೊಡುವಂತೆ ಸರ್ಕಾರ ಕಂಪನಿಗಳಿಗೆ ಏಕೆ ಹೇಳುವುದಿಲ್ಲ?

ತಂದೆಯವರಿಗೆ ಸಕ್ಕರೆ ಕಾಯಿಲೆ ಇರುವುದನ್ನು ಬರೆಯುವುದು ಬೇಡ, ಐದು ವರ್ಷ ಕಳೆದರೆ ಕಂಪನಿಯವರು ಏನನ್ನೂ ಕೇಳುವಂತಿಲ್ಲ ಎಂದು ನಿಮ್ಮ ಏಜೆಂಟರು ಹೇಳಿದ್ದಾರೆ. ಆ ಮಾತನ್ನು ನಂಬಬೇಡಿ. ಇದೇ ಮಾತನ್ನು ನಂಬಿ ನಮ್ಮ ಕುಟುಂಬ ಕಳೆದುಕೊಂಡದ್ದು ಸಣ್ಣದಲ್ಲ.

2018ರಲ್ಲಿ ನಮ್ಮ ತಂದೆಯವರ ಹೆಸರಿಗೆ ಪಾಲಿಸಿ ಮಾಡಿಸಿದಾಗ ಏಜೆಂಟರು ಮನೆಗೇ ಬಂದಿದ್ದರು. ಮೊಬೈಲಿನಲ್ಲಿ ಒಂದೊಂದೇ ಪ್ರಶ್ನೆ ಓದುತ್ತಾ, ಮಧುಮೇಹದ ಸಾಲು ಬಂದಾಗ, "ಇವರದು ಬರೀ ಮಾತ್ರೆಯ ಸಕ್ಕರೆ ಅಲ್ಲವೇ, ಇನ್ಸುಲಿನ್ ಇಲ್ಲವಲ್ಲ, ಬರೆದರೆ ಸುಮ್ಮನೆ ಪ್ರೀಮಿಯಂ ಏರುತ್ತದೆ" ಎಂದು 'ಇಲ್ಲ' ಎಂಬುದನ್ನು ಒತ್ತಿದರು. ಸ್ವಲ್ಪ ಹೊತ್ತಿಗೆ ನನ್ನ ಫೋನಿಗೆ ಒಟಿಪಿ ಬಂತು, ನಾನು ಅದನ್ನು ಓದಿ ಹೇಳಿದೆ. ಹಾಗೆ ಒಟಿಪಿ ಹೇಳಿದ್ದೇ ಸಹಿಗೆ ಸಮ, ಫಾರಂನಲ್ಲಿ ಇರುವ ಪ್ರತಿಯೊಂದು ಉತ್ತರಕ್ಕೂ ಆ ಕ್ಷಣದಿಂದ ಏಜೆಂಟರಲ್ಲ, ನಾವೇ ಹೊಣೆ ಎಂಬುದು ನನಗೆ ತಿಳಿದದ್ದು 2023ರಲ್ಲಿ, ತಂದೆಯವರಿಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆದ ಮೇಲೆ.

ತುರ್ತು ಚಿಕಿತ್ಸಾ ಘಟಕದಲ್ಲಿ ಕಿರಿಯ ವೈದ್ಯರೊಬ್ಬರು, ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂದು ಕೇಳಿದರು. ಅಮ್ಮ ಇದ್ದದ್ದನ್ನು ಇದ್ದಂತೆ, ಹದಿನೈದು ವರ್ಷ ಆಯಿತು ಎಂದರು. ಅಲ್ಲಿ ಸುಳ್ಳು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ, ಬರಲೂಬಾರದು, ಏಕೆಂದರೆ ಅರಿವಳಿಕೆಯಿಂದ ಹಿಡಿದು ಔಷಧದವರೆಗೆ ಎಲ್ಲವೂ ಆ ಉತ್ತರವನ್ನೇ ಅವಲಂಬಿಸಿರುತ್ತದೆ. ಕೇಸ್ ಶೀಟಿನ ಆ ಒಂದು ಸಾಲು ಡಿಸ್ಚಾರ್ಜ್ ಸಮ್ಮರಿಗೆ ಇಳಿಯಿತು, ಅಲ್ಲಿಂದ ಕ್ಲೇಮ್ ತಿರಸ್ಕರಿಸಿದ ಕಂಪನಿಯ ಪತ್ರಕ್ಕೆ ಬಂತು.

ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಆಗಿನ ಲೆಕ್ಕಾಚಾರವನ್ನೇ ನೀವೂ ಈಗ ಮಾಡುತ್ತಿದ್ದೀರಿ. ಆಗಿನ ನಿಯಮದಂತೆ ಮೊದಲೇ ಇರುವ ಕಾಯಿಲೆಗೆ ವೇಟಿಂಗ್ ಪೀರಿಯಡ್, ಅಂದರೆ ಆ ಕಾಯಿಲೆಗೆ ವಿಮೆಯ ಹಣ ಸಿಗದೆ ಕಾಯಬೇಕಾದ ಅವಧಿ, ಹೆಚ್ಚೆಂದರೆ 48 ತಿಂಗಳು. ನಾವು ಸಕ್ಕರೆ ಕಾಯಿಲೆಯನ್ನು ಬರೆದಿದ್ದರೆ ಪ್ರೀಮಿಯಂ ಸ್ವಲ್ಪ ಹೆಚ್ಚಾಗುತ್ತಿತ್ತು, ನಾಲ್ಕು ವರ್ಷ ಕಾಯಬೇಕಾಗುತ್ತಿತ್ತು. ಬೈಪಾಸ್ ಆಗುವ ಹೊತ್ತಿಗೆ ಆ ನಾಲ್ಕು ವರ್ಷ ಮುಗಿದೇ ಹೋಗಿತ್ತು! ಅಂದರೆ ನಿಜ ಬರೆದಿದ್ದರೆ ಸಿಗುತ್ತಿದ್ದ ಹಣ ಮುಚ್ಚಿಟ್ಟದ್ದರಿಂದ ಸಿಗಲಿಲ್ಲ. ಸಕ್ಕರೆಗೂ ಹೃದಯಕ್ಕೂ ಸಂಬಂಧವೇನು ಎಂದು ವಾದಿಸಿದೆವು. ಆ ವಾದವೂ ನಿಲ್ಲಲಿಲ್ಲ. ಕಂಪನಿ ಅಪಾಯವನ್ನು ಅಳೆಯುವಾಗ ಅದರ ತೀರ್ಮಾನವನ್ನು ಬದಲಿಸಬಲ್ಲ ಸಂಗತಿ ಯಾವುದೇ ಇರಲಿ, ಅದನ್ನು ತಿಳಿಸಬೇಕಾದದ್ದು ವಿಮೆ ಪಡೆಯುವವರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ಹೇಳಿದೆ; ಅಲ್ಲಿಯೂ ಮುಚ್ಚಿಟ್ಟದ್ದು ಮಧುಮೇಹ ಮತ್ತು ಮೂತ್ರಪಿಂಡದ ಕಾಯಿಲೆಯನ್ನೇ. ವಿಮೆಯ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ವಿಮಾ ಒಂಬುಡ್ಸ್‌ಮನ್ ಬಳಿಗೂ ಹೋದೆವು, ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, ನಮ್ಮ ಮಾತನ್ನು ತಾಳ್ಮೆಯಿಂದ ಕೇಳಿದರು, ಆದರೆ ತೀರ್ಪು ನಮ್ಮ ಕಡೆ ಬರಲಿಲ್ಲ. ಕಂಪನಿ ಪಾಲಿಸಿಯನ್ನೂ ರದ್ದುಪಡಿಸಿತು. ಬೇರೆ ಕಡೆ ಅರ್ಜಿ ಹಾಕಿದರೆ, ಹಿಂದೆ ಯಾವುದಾದರೂ ಕಂಪನಿ ನಿಮ್ಮ ಪಾಲಿಸಿಯನ್ನು ರದ್ದು ಮಾಡಿದೆಯೇ ಎಂಬ ಪ್ರಶ್ನೆ ಫಾರಂನಲ್ಲೇ ಇರುತ್ತದೆ.

ನಿಮ್ಮ ಏಜೆಂಟರು ಹೇಳುವ ಐದು ವರ್ಷದ ಮಾತಿನಲ್ಲಿ ಅರ್ಧ ಸತ್ಯವಿದೆ. 2024ರ ಏಪ್ರಿಲ್‌ನಿಂದ, ವಿಮಾ ಕಂಪನಿಗಳನ್ನು ನಿಯಂತ್ರಿಸುವ ಸಂಸ್ಥೆಯಾದ ಐಆರ್‌ಡಿಎಐ ವೇಟಿಂಗ್ ಪೀರಿಯಡ್‌ನ ಗರಿಷ್ಠ ಮಿತಿಯನ್ನು 36 ತಿಂಗಳಿಗೆ ಇಳಿಸಿದೆ. ಮಾಹಿತಿ ಮುಚ್ಚಿಟ್ಟಿದ್ದೀರಿ ಎಂದು ಕಂಪನಿ ತಕರಾರು ತೆಗೆಯಬಹುದಾದ ಅವಧಿಯೂ ಎಂಟು ವರ್ಷದಿಂದ 60 ತಿಂಗಳಿಗೆ ಇಳಿದಿದೆ. ಆದರೆ ವಂಚನೆ ಸಾಬೀತಾದರೆ ಆ 60 ತಿಂಗಳೂ ನಿಮ್ಮನ್ನು ಕಾಪಾಡುವುದಿಲ್ಲ, ಮತ್ತು ಗೊತ್ತಿದ್ದೂ 'ಇಲ್ಲ' ಎಂದು ಬರೆಯುವುದನ್ನು ವಂಚನೆ ಎಂದು ವಾದಿಸಲು ಕಂಪನಿಗೆ ಕಷ್ಟವೇನಿಲ್ಲ. ನಿಜ ಹೇಳಿದರೆ ಮೂರು ವರ್ಷ ಕಾಯಬೇಕು, ಮುಚ್ಚಿಟ್ಟರೆ ಐದು ವರ್ಷ ಭಯದಲ್ಲಿ ಬದುಕಬೇಕು. ಇದರಲ್ಲಿ ಲಾಭ ಎಲ್ಲಿದೆ? ಹೇಳಿದವರ ಪರವಾಗಿ ಕಾನೂನು ನಿಲ್ಲುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2021ರ ಮನಮೋಹನ್ ನಂದಾ ಪ್ರಕರಣದಲ್ಲಿ ಮಧುಮೇಹವನ್ನು ಮೊದಲೇ ತಿಳಿಸಿದ್ದ ವ್ಯಕ್ತಿಗೆ ಹೃದಯಾಘಾತವಾದಾಗ ಕಂಪನಿ ಹಣ ನಿರಾಕರಿಸಿದ್ದು ತಪ್ಪು ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ: ಅಮೆರಿಕದ ಹಾಗೆ ಎಲ್ಲ ಕಾಯಿಲೆಗೂ ಮೊದಲ ದಿನದಿಂದ ರಕ್ಷಣೆ ಕೊಡಿ ಎಂದು ಸರ್ಕಾರ ಖಾಸಗಿ ಕಂಪನಿಗಳಿಗೆ ಏಕೆ ಆದೇಶಿಸುವುದಿಲ್ಲ? ಕ್ಲೇಮ್ ತಿರಸ್ಕೃತವಾದ ದಿನ ನನ್ನ ಬಾಯಿಂದ ಬಂದದ್ದೂ ಇದೇ ಮಾತು. ಈಗ ನನ್ನ ಅಭಿಪ್ರಾಯ ಬೇರೆಯಾಗಿದೆ. ಅಮೆರಿಕ 2010ರಲ್ಲಿ ಮಾಡಿದ ಕಾನೂನು ಬರೀ ಆದೇಶವಾಗಿರಲಿಲ್ಲ. 2014ರಿಂದ ಕಾಯಿಲೆ ನೋಡಿ ವಿಮೆ ನಿರಾಕರಿಸುವಂತಿಲ್ಲ, ಪ್ರೀಮಿಯಂ ಏರಿಸುವಂತಿಲ್ಲ ಎಂದ ಅದೇ ಕಾನೂನು, ವಿಮೆ ಮಾಡಿಸದವರಿಗೆ ದಂಡವನ್ನೂ, ಕಡಿಮೆ ಆದಾಯದವರಿಗೆ ಸಬ್ಸಿಡಿಯನ್ನೂ ಇಟ್ಟಿತು. ಕಾಯಿಲೆ ಬಂದ ಮೇಲೆ ಮಾತ್ರ ಜನ ವಿಮೆಗೆ ಬರುವಂತಾದರೆ ಪ್ರೀಮಿಯಂ ಏರುತ್ತದೆ, ಏರಿದಷ್ಟೂ ಆರೋಗ್ಯವಂತರು ಬಿಟ್ಟು ಹೋಗುತ್ತಾರೆ, ಉಳಿದವರ ಮೇಲೆ ಹೊರೆ ಇನ್ನೂ ಹೆಚ್ಚುತ್ತದೆ. ನ್ಯೂಯಾರ್ಕ್ ರಾಜ್ಯ 1993ರಿಂದ ಬರೀ ಆದೇಶವನ್ನು, ದಂಡವಾಗಲಿ ಸಬ್ಸಿಡಿಯಾಗಲಿ ಇಲ್ಲದೆ, ಜಾರಿಗೆ ತಂದು ಈ ಸಂಕಟವನ್ನು ಅನುಭವಿಸಿದೆ. 2017ರಲ್ಲಿ ರಿಪಬ್ಲಿಕನ್ನರು 2010ರ ಕಾನೂನನ್ನು ಕಳಚಲು ಹೊರಟಾಗ ಜಾನ್ ಮೆಕೇನ್ ಸೇರಿ ಅವರದೇ ಪಕ್ಷದ ಮೂವರು ಸೆನೆಟರ್‌ಗಳು ವಿರುದ್ಧ ಮತ ಹಾಕಿದರು, 49–51ರಲ್ಲಿ ಆ ಪ್ರಯತ್ನ ಬಿದ್ದುಹೋಯಿತು. ಕಾಯಿಲೆಯವರನ್ನು ಹೊರಗಿಡುತ್ತೇವೆ ಎಂದು ಮತ ಕೇಳುವುದು ಅಲ್ಲಿ ಕಷ್ಟವಾಗಿದೆ, ಏಕೆಂದರೆ ಜನ ಅದನ್ನು ಚುನಾವಣೆಯ ವಿಷಯವನ್ನಾಗಿ ಮಾಡಿದರು.

ನಮ್ಮಲ್ಲಿ ಹಾಗಾಗಿಲ್ಲ, ಅದು ನನಗೆ ನೋವಿನ ಸಂಗತಿ. ಮೊದಲ ದಿನದಿಂದ ರಕ್ಷಣೆ ಎಂಬುದು ಈ ದೇಶದಲ್ಲಿ ಅಸಾಧ್ಯವೇನಲ್ಲ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಹಳೆಯ ಕಾಯಿಲೆಗೂ ವೇಟಿಂಗ್ ಪೀರಿಯಡ್ ಇಲ್ಲದೆ ಕೊಡುತ್ತದೆ. ತೆರಿಗೆಯ ಹಣದಿಂದ ನಡೆಯುವುದರಿಂದ, ಆರೋಗ್ಯವಂತರೂ ರೋಗಿಗಳೂ ಒಟ್ಟಿಗೇ ಅದರೊಳಗೆ ಇರುವುದರಿಂದ ಅದು ಸಾಧ್ಯವಾಗಿದೆ. 70 ವರ್ಷ ತುಂಬದ ನಿಮ್ಮ ನನ್ನಂಥವರು ಹೊರಗಿದ್ದೇವೆ. ಬಡವರೂ ಅಲ್ಲದ, ಸರ್ಕಾರಿ ನೌಕರಿಯೂ ಇಲ್ಲದ ಈ ನಡುವಿನ ವರ್ಗ ಜನಸಂಖ್ಯೆಯ ಕನಿಷ್ಠ 30 ಪ್ರತಿಶತ, ಸುಮಾರು 40 ಕೋಟಿ ಎಂದು ನೀತಿ ಆಯೋಗವೇ 2021ರಲ್ಲಿ ಬರೆದಿದೆ. ಕರ್ನಾಟಕದಲ್ಲಿ ಎಪಿಎಲ್ (ಬಡತನ ರೇಖೆಗಿಂತ ಮೇಲಿನ) ಕುಟುಂಬಗಳಿಗೆ, ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಪಡಿಸಿದ ಪ್ಯಾಕೇಜ್ ದರದ 30 ಪ್ರತಿಶತವನ್ನು ಮಾತ್ರ ಸರ್ಕಾರ ಕೊಡುವ ವ್ಯವಸ್ಥೆ ಬಂತು. ಪಕ್ಷಗಳು ಯೋಜನೆಯ ಹೆಸರಿಗಾಗಿ, ಕೇಂದ್ರ–ರಾಜ್ಯಗಳ ಪಾಲಿಗಾಗಿ ಜಗಳವಾಡುತ್ತವೆ. ಮಧ್ಯಮ ವರ್ಗದವರು ತಮ್ಮ ಆದಾಯಕ್ಕೆ ತಕ್ಕಷ್ಟು ವಂತಿಗೆ ಕಟ್ಟಿ ಇದೇ ಸಾರ್ವಜನಿಕ ಯೋಜನೆಯೊಳಗೆ ಬರಲು ಏಕೆ ಬಿಡುವುದಿಲ್ಲ ಎಂದು ನಾವು ಯಾರನ್ನೂ ಕೇಳುತ್ತಿಲ್ಲ. ಕೇಳಿದರೆ ಆಗುತ್ತದೆ: ಪ್ರೀಮಿಯಂ ಮೇಲಿನ 18 ಪ್ರತಿಶತ ಜಿಎಸ್‌ಟಿಯ ವಿರುದ್ಧ 2024ರಲ್ಲಿ ಎದ್ದ ಕೂಗಿಗೆ ಆಡಳಿತ ಪಕ್ಷದ ನಿತಿನ್ ಗಡ್ಕರಿಯವರ ಪತ್ರವೂ ಸೇರಿತ್ತು, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ ಆ ತೆರಿಗೆ ಇಲ್ಲ.

ಸದ್ಯಕ್ಕೆ ನಿಮ್ಮ ಕಚೇರಿಯ ಗುಂಪು ವಿಮೆಯಲ್ಲಿ ತಂದೆ–ತಾಯಿಯನ್ನು ಸೇರಿಸಲು ಅವಕಾಶವಿದೆಯೇ ಎಂದು ಮೊದಲು ವಿಚಾರಿಸಿ. ಅಂಥ ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗೆ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ ಇರುತ್ತದೆ. ಇಲ್ಲವಾದರೆ ಫಾರಂ ಅನ್ನು ನೀವೇ ಕುಳಿತು ತುಂಬಿ, ಮಾತ್ರೆಗಳ ಹೆಸರನ್ನೂ ಆರಂಭವಾದ ವರ್ಷವನ್ನೂ ಬರೆಯಿರಿ, ಪೂರ್ತಿ ಓದುವ ತನಕ ಒಟಿಪಿ ಹೇಳಬೇಡಿ. ಪಾಲಿಸಿ ಬಂದ ಮೇಲೆ ಅದರ ಜೊತೆಗಿರುವ ಪ್ರಪೋಸಲ್ ಫಾರಂ (ನೀವು ತುಂಬಿದ ಅರ್ಜಿ) ಪ್ರತಿಯನ್ನು ತೆರೆದು ಮಧುಮೇಹದ ಸಾಲನ್ನು ನೋಡಿ. ಅಲ್ಲಿ 'ಇಲ್ಲ' ಎಂದಿದ್ದರೆ ಪಾಲಿಸಿ ಹಿಂದಿರುಗಿಸಲು 30 ದಿನ ಸಮಯವಿರುತ್ತದೆ; ಅದರೊಳಗೇ ತಿದ್ದುಪಡಿ ಮಾಡುವಂತೆ ಕಂಪನಿಗೆ ಇಮೇಲ್ ಬರೆದು, ಅವರ ಉತ್ತರವನ್ನು ತೆಗೆದಿಟ್ಟುಕೊಳ್ಳಿ.