ಓದುಗರ ಪ್ರಶ್ನೆ: ಮನೆಯಲ್ಲಿ ಪಿಸ್ತೂಲು ತಯಾರಿಸಬಹುದೇ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದೊಂದು ಲೇಥ್ ವರ್ಕ್‌ಶಾಪ್ ಇದೆ. ಅಮೆರಿಕದ ಹವ್ಯಾಸಿಗಳಂತೆ 9 ಎಂ.ಎಂ. ಗುಂಡಿನ ಬಂದೂಕೊಂದನ್ನು ಸ್ವಂತಕ್ಕೆ ತಯಾರಿಸಿಕೊಂಡರೆ ತಪ್ಪೇ?

ಉತ್ತರ: ತಪ್ಪು ಮಾತ್ರವಲ್ಲ, ಗಂಭೀರ ಅಪರಾಧ. ಅಮೆರಿಕದ ಫೆಡರಲ್ ಕಾನೂನು ಸ್ವಂತ ಬಳಕೆಗೆ ಬಂದೂಕು ಕಟ್ಟಿಕೊಳ್ಳಲು ಸಾಮಾನ್ಯವಾಗಿ ಪರವಾನಗಿ ಕೇಳುವುದಿಲ್ಲವಾದರೂ ಅಲ್ಲಿಯೂ ರೈಫಲ್ಲಿನ ನಳಿಕೆ 16 ಅಂಗುಲಕ್ಕಿಂತ ಗಿಡ್ಡವಾಗಿದ್ದರೆ ಮುಂಚಿತವಾಗಿ ಸರ್ಕಾರದ ಒಪ್ಪಿಗೆ ಪಡೆಯಬೇಕು. ಕೆಲವು ರಾಜ್ಯಗಳ ನಿಯಮಗಳಂತೂ ಇನ್ನೂ ಬಿಗಿ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ತಯಾರಿಕೆ, ದುರಸ್ತಿ, ಪರಿವರ್ತನೆ ಎಲ್ಲಕ್ಕೂ ಪರವಾನಗಿ ಕಡ್ಡಾಯ. ಬಂದೂಕು ಇಟ್ಟುಕೊಳ್ಳುವ ಪರವಾನಗಿ ನಿಮ್ಮಲ್ಲಿದ್ದರೂ ಅದು ತಯಾರಿಕೆಯ ಹಕ್ಕನ್ನು ಕೊಡುವುದಿಲ್ಲ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷಗಳಿಂದ ಜೀವಾವಧಿಯವರೆಗೆ ಜೈಲುಶಿಕ್ಷೆಯಿದೆ. ಬಿಡಿಭಾಗಗಳೂ ಕಾಯ್ದೆಯ ವ್ಯಾಪ್ತಿಯೊಳಗೇ ಬರುವುದರಿಂದ, 'ಅರ್ಧ ಮಾತ್ರ ಮಾಡಿದ್ದೆ' ಎಂಬ ಸಮಜಾಯಿಷಿ ನಡೆಯದು.

ನಿಮ್ಮ ಕೈಚಳಕಕ್ಕೆ ಯೋಗ್ಯವಾದ ಕೆಲಸ ಬೇರೆಯೇ ಇದೆ. 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಶೂಟರನ ಅಂಗೈಗೆ ಸರಿಹೊಂದುವ ಮರದ ಹಿಡಿಕೆಗೆ ಬಹಳ ಮಹತ್ವವಿದ್ದು, ಪಿಸ್ತೂಲಿನ ಒಟ್ಟು ತೂಕ 1,500 ಗ್ರಾಂ ಮೀರದಂತೆ, ಇಡೀ ಉಪಕರಣ 420 × 200 × 50 ಮಿ.ಮೀ. ಪೆಟ್ಟಿಗೆಯಲ್ಲಿ ಹಿಡಿಯುವಂತೆ ಅದನ್ನು ಕೆತ್ತುವುದು (ಲೇಥ್‌ಗಿಂತ ಅರ ಮತ್ತು ಮರಳುಕಾಗದದ ಕೆಲಸವೇ ಹೆಚ್ಚು) ನಿಜಕ್ಕೂ ನಾಜೂಕಿನ ವಿದ್ಯೆ. ಆದರೆ ನಳಿಕೆ ಮತ್ತು ಗಾಳಿಯ ಸಿಲಿಂಡರಿಗೆ ಕೈಹಾಕಬೇಡಿ.